ಸಂತೆಯ ಮಾತು ಮತ್ತು ಯಂತ್ರದ ಮಾತು: ಆನ್‌ಲೈನ್ ಮಳಿಗೆಯ ಸರಕು ವಿವರಣೆಯನ್ನು ಕುರಿತು ಒಂದು ಜಾನಪದೀಯ ವಿಮರ್ಶೆ

ಮಾರಾಟದ ಮಾತಿಗೆ ಜಾನಪದ ಅಧ್ಯಯನದಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಕಥೆ, ಗೀತೆ, ಗಾದೆ, ಒಗಟು, ಲಾವಣಿಗಳ ಸಂಗ್ರಹಕ್ಕೆ ವಿನಿಯೋಗವಾದ ಶ್ರಮದ ಒಂದು ಪಾಲು ಕೂಡ ಸಂತೆಯಲ್ಲಿ ಕೂಗುವವನ ಮಾತಿಗೆ ದೊರೆತಿಲ್ಲ. ಜೋಳ ಬೀಸುವಾಗ ಹೇಳುವ ಹಾಡು ಜಾನಪದ, ಅದೇ ಜೋಳವನ್ನು ಅಳೆದುಕೊಡುವಾಗ ಆಡುವ ಮಾತು ಕೇವಲ ವ್ಯವಹಾರ ಎಂಬ ವಿಭಜನೆಯೊಂದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬೇರೂರಿದೆ. ವಾಸ್ತವವಾಗಿ ವ್ಯವಹಾರದ ಮಾತು ಕೂಡ ಕಟ್ಟುಪಾಡಿನ ಮಾತೇ ಆಗಿದೆ. ಕಣದಲ್ಲಿ ಕಾಳು ಅಳೆಯುವವನು ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ಎಣಿಕೆ ಆಮೇಲೆ ‘ಎರಡು’ ಎಂದು ಮುಂದುವರಿಯುತ್ತದೆ. ದನದ ಜಾತ್ರೆಯಲ್ಲಿ ದಲ್ಲಾಳಿಯು ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ನುಡಿಯುತ್ತಾನೆ. ಕೇರಿಗೆ ಬರುವ ಬಳೆಗಾರ ಬಳೆಯನ್ನಷ್ಟೇ ತರುತ್ತಿರಲಿಲ್ಲ, ತವರಿನ ಸುದ್ದಿಯನ್ನೂ ತರುತ್ತಿದ್ದ. ಈ ಎಲ್ಲ ಸಂದರ್ಭಗಳಲ್ಲಿಯೂ ಮಾತು ಸಿದ್ಧ ರೂಪದ್ದೇ. ಆದರೆ ಆಡಿದವನು ಯಾರು, ಕೇಳಿದವರು ಯಾರು ಎಂಬುದು ಇಬ್ಬರಿಗೂ ತಿಳಿದಿರುತ್ತದೆ. ಸುಳ್ಳಾಡಿದ ಬಳೆಗಾರ ಮರುವರ್ಷ ಅದೇ ಓಣಿಗೆ ಕಾಲಿಡುವುದು ಕಷ್ಟ.

ಈ ಪೀಠಿಕೆಯ ಅಗತ್ಯ ಒದಗಿರುವುದು ಇಂದಿನ ಒಂದು ಬೆಳವಣಿಗೆಯಿಂದ. ಅಂತರ್ಜಾಲದ ಮಳಿಗೆಗಳಲ್ಲಿ ಸರಕಿನ ಚಿತ್ರದ ಕೆಳಗೆ ಇರುವ ವಿವರಣೆಯೇ ಈಗ ಮಾರುವವನ ಮಾತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ ಈ ಮಾತನ್ನು ಕೃತಕ ಬುದ್ಧಿಮತ್ತೆಯಿಂದ ಬರೆಯಿಸುವ ಪದ್ಧತಿ ಅತಿ ಶೀಘ್ರವಾಗಿ ಹಬ್ಬಿತು. 2023ರಲ್ಲಿ ಶಾಪಿಫೈ, ಅಮೆಜಾನ್‌ನಂಥ ಸಂಸ್ಥೆಗಳು ಮಾರಾಟಗಾರರಿಗೆ ಒದಗಿಸುವ ವ್ಯವಸ್ಥೆಯೊಳಗೇ ಇಂಥ ಬರಹ ಸಾಧನವನ್ನು ಅಳವಡಿಸಿದವು. ಮಾರಾಟಗಾರ ನಾಲ್ಕಾರು ಪದಗಳನ್ನು ಕೊಟ್ಟರೆ ಸಾಕು. ಶೀರ್ಷಿಕೆ, ವಿವರಣೆ, ಗುಣವಿಶೇಷಗಳ ಪಟ್ಟಿ ಎಲ್ಲವೂ ಕ್ಷಣಾರ್ಧದಲ್ಲಿ ಸಿದ್ಧವಾಗುತ್ತವೆ. ಯಂತ್ರಕ್ಕೆ ಕೊಡುವ ಈ ಸೂಚನಾವಾಕ್ಯಕ್ಕೆ ‘ಪ್ರಾಂಪ್ಟ್’ ಎಂಬ ಹೆಸರು ರೂಢಿಯಾಗಿದೆ. ವಿಮರ್ಶೆಯ ಗಮನ ಇದುವರೆಗೆ ಯಂತ್ರ ಬರೆದುಕೊಡುವ ಪಠ್ಯದ ಮೇಲೆ ನೆಟ್ಟಿದೆ. ಓದಬೇಕಾದ ಪಠ್ಯ ಅದಲ್ಲ, ಪ್ರಾಂಪ್ಟ್ ಎಂಬುದು ಪ್ರಸ್ತುತ ಲೇಖನದ ವಾದವಾಗಿದೆ.

ಮಾರಾಟಗಾರರಿಗಾಗಿ ಹಂಚಿಕೆಯಾಗುವ ಮಾದರಿ ಪ್ರಾಂಪ್ಟುಗಳಿಗೆ ಬಹುಮಟ್ಟಿಗೆ ಒಂದೇ ಅಸ್ಥಿಪಂಜರವಿದೆ. ಮೊದಲು ಯಂತ್ರಕ್ಕೆ ಒಂದು ವೇಷ ತೊಡಿಸಲಾಗುತ್ತದೆ: ‘ನೀನೊಬ್ಬ ಅನುಭವಿ ಜಾಹೀರಾತು ಬರಹಗಾರ’. ಅನಂತರ ಸರಕಿನ ಹೆಸರು. ಅದರ ಹಿಂದೆ ಕೊಳ್ಳುವವರ ಚಿತ್ರ: ನಗರವಾಸಿ, ಇಂತಿಷ್ಟು ವಯಸ್ಸಿನ ಉದ್ಯೋಗಸ್ಥ ಮಹಿಳೆ, ಪರಂಪರೆಯಲ್ಲಿ ಆಸಕ್ತಿಯುಳ್ಳವಳು. ಅದಾದ ಮೇಲೆ ಬರಹದ ಧ್ವನಿ: ಆತ್ಮೀಯ, ಉತ್ಸಾಹಭರಿತ, ಭಾವನಾತ್ಮಕ. ಪದಮಿತಿ, ಹುಡುಕಾಟದಲ್ಲಿ ಮೇಲೆ ಬರಲು ಬೇಕಾದ ಪದಗಳು, ಕೊನೆಗೆ ‘ಕೊಳ್ಳುವಂತೆ ಪ್ರೇರೇಪಿಸುವ ವಾಕ್ಯದೊಂದಿಗೆ ಮುಗಿಸು’ ಎಂಬ ಆದೇಶ. ಈ ಕ್ರಮವೇನೂ ಹೊಸದಲ್ಲ. ಗಮನ, ಆಸಕ್ತಿ, ಆಸೆ, ಕ್ರಿಯೆ ಎಂಬ ನಾಲ್ಕು ಮೆಟ್ಟಿಲುಗಳ ಸೂತ್ರವೊಂದು ಅಮೆರಿಕದ ಜಾಹೀರಾತು ಶಿಕ್ಷಣದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬೆಳೆದು ಬಂದಿದೆ. ಅಂಚೆಯ ಮೂಲಕ ಸರಕು ಮಾರಿದ ರಿಚರ್ಡ್ ಸಿಯರ್ಸ್ ತನ್ನ ಕ್ಯಾಟಲಾಗಿನ ವಿವರಣೆಗಳನ್ನು ತಾನೇ ಬರೆಯುತ್ತಿದ್ದುದೂ ಆ ಕಾಲದಲ್ಲಿಯೇ. ಹೊಸದೇನೆಂದರೆ, ಸರಕನ್ನು ಕಂಡವನು ಬರೆಯಬೇಕೆಂಬ ಕನಿಷ್ಠ ನಿರ್ಬಂಧವೂ ಈಗ ಸಡಿಲಗೊಂಡಿದೆ.

ಯಂತ್ರದ ಬರಹ ಸಿದ್ಧ ಸೂತ್ರಗಳ ಜೋಡಣೆ, ಅದರಲ್ಲಿ ಜೀವವಿಲ್ಲ ಎಂಬ ಆಕ್ಷೇಪ ಸುಲಭವಾಗಿ ನಾಲಿಗೆಗೆ ಬರುತ್ತದೆ. ಯಾರು ಬೇಕಾದರೂ ಈ ಆಕ್ಷೇಪವನ್ನು ಎತ್ತಬಹುದು, ಜಾನಪದ ವಿದ್ವಾಂಸರು ಮಾತ್ರ ಎತ್ತುವಂತಿಲ್ಲ. ಸೂತ್ರವೇ ಮೌಖಿಕ ಪರಂಪರೆಯ ಬೆನ್ನೆಲುಬು ಎಂದು ಜಗತ್ತಿಗೆ ತೋರಿಸಿಕೊಟ್ಟವರು ಅವರೇ. ಯುಗೊಸ್ಲಾವಿಯಾದ ಗಾಯಕರನ್ನು ಅಧ್ಯಯನ ಮಾಡಿದ ಮಿಲ್ಮನ್ ಪ್ಯಾರಿ ಹಾಗೂ ಆ ಕಾರ್ಯವನ್ನು ಮುಂದುವರಿಸಿ 1960ರಲ್ಲಿ ‘ದ ಸಿಂಗರ್ ಆಫ್ ಟೇಲ್ಸ್’ ಪ್ರಕಟಿಸಿದ ಆಲ್ಬರ್ಟ್ ಲಾರ್ಡ್, ಮಹಾಕಾವ್ಯದ ಗಾಯಕ ಕಂಠಪಾಠ ಒಪ್ಪಿಸುವವನಲ್ಲ, ಸಿದ್ಧ ನುಡಿಗಟ್ಟುಗಳಿಂದ ಹಾಡುತ್ತ ಹಾಡುತ್ತ ಕಟ್ಟುವವನು ಎಂದು ಪ್ರತಿಪಾದಿಸಿದರು. ಅದಕ್ಕೂ ಮೊದಲೇ, 1928ರಲ್ಲಿ, ವ್ಲಾದಿಮಿರ್ ಪ್ರಾಪ್ ರಷ್ಯದ ಕಿನ್ನರ ಕಥೆಗಳನ್ನು 31 ಕ್ರಿಯಾಘಟಕಗಳಿಗೆ ಇಳಿಸಿದ್ದ. 1970ರ ದಶಕದಲ್ಲಿ ಶೆಲ್ಡನ್ ಕ್ಲೈನ್ ಮತ್ತು ಸಂಗಡಿಗರು ಪ್ರಾಪ್‌ನ ಮಾದರಿಯನ್ನೇ ಗಣಕಕ್ಕೆ ಉಣಿಸಿ ಕಥೆ ಕಟ್ಟಿಸಲು ಯತ್ನಿಸಿದ್ದು ಜಾನಪದ ಶಾಸ್ತ್ರದ ಚರಿತ್ರೆಯಲ್ಲಿ ಅಷ್ಟಾಗಿ ನೆನಪಿನಲ್ಲಿ ಉಳಿಯದ ಸಂಗತಿ. ಯಂತ್ರಕ್ಕೆ ಕಥೆಯ ಎಲುಬನ್ನು ಎಣಿಸಿಕೊಟ್ಟವರೇ ಈಗ ಯಂತ್ರ ಸೂತ್ರಬದ್ಧವಾಗಿದೆ ಎಂದು ದೂರುವುದು ಸಮಂಜಸವಾಗದು.

ಹಾಗಾದರೆ ವ್ಯತ್ಯಾಸವೆಲ್ಲಿದೆ? ಲೌರಿ ಹಾಂಕೊ 1998ರಲ್ಲಿ ಪ್ರಕಟಿಸಿದ ತುಳುವಿನ ಸಿರಿ ಮಹಾಕಾವ್ಯದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಗೋಪಾಲ ನಾಯ್ಕರು ಹಾಡಿ ದಾಖಲಾದ ಆ ಪಠ್ಯ 15,683 ಸಾಲುಗಳಷ್ಟು ದೀರ್ಘವಾದುದು. ಅದೇ ಪ್ರಸಂಗವನ್ನು ಅವರು ಬೇರೆ ಬೇರೆ ಸಂದರ್ಭಗಳಲ್ಲಿ ಬೇರೆ ಬೇರೆ ಉದ್ದದಲ್ಲಿ ಹೇಳಬಲ್ಲವರಾಗಿದ್ದರು. ಗಾಯಕನ ಮನಸ್ಸಿನಲ್ಲಿ ಇರುವುದು ಸಿದ್ಧ ಪಠ್ಯವಲ್ಲ, ಕಥಾಸಾಮಗ್ರಿಯ ಮತ್ತು ನಿಯಮಗಳ ಒಂದು ಮಾನಸಿಕ ಪಠ್ಯ ಎಂದು ಹಾಂಕೊ ಅದನ್ನು ವಿವರಿಸಿದರು. ಭಾಷಾ ಮಾದರಿಯ ಯಂತ್ರವೂ ಕೇಳಿದಷ್ಟು ಬಾರಿ, ಕೇಳಿದಷ್ಟು ಉದ್ದಕ್ಕೆ ಪಾಠಾಂತರಗಳನ್ನು ಕೊಡುತ್ತದೆ; ಮೇಲ್ನೋಟಕ್ಕೆ ಇವೆರಡೂ ಒಂದೇ ಬಗೆಯ ಸಾಮರ್ಥ್ಯ ಎನಿಸಬಹುದು. ಆದರೆ ನಾಯ್ಕರ ಪಾಠಾಂತರಕ್ಕೆ ಕಾರಣ ಎದುರಿನ ಸಂದರ್ಭ: ಗದ್ದೆಯಲ್ಲಿನ ಕೆಲಸವೋ, ಆಚರಣೆಯ ಕಣವೋ, ದಾಖಲಿಸಲು ಬಂದ ವಿದ್ವಾಂಸರೋ ಎಂಬುದು. ಯಂತ್ರದ ಪಾಠಾಂತರಕ್ಕೆ ಸಂದರ್ಭವೆಂದರೆ ಪ್ರಾಂಪ್ಟಿನಲ್ಲಿ ಬರೆದಿರುವಷ್ಟೇ. ಅಲ್ಲಿ ಇಲ್ಲದ್ದನ್ನು ಅದು ಬಹುಸಂಖ್ಯೆಯ ಹಳೆಯ ಬರಹಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆಯೋ ಅದರಿಂದ ತುಂಬಿಕೊಳ್ಳುತ್ತದೆ.

ಇನ್ನೊಂದು ಅಂಶ ಇದಕ್ಕಿಂತ ಮುಖ್ಯವಾದುದು. ರೋಮನ್ ಯಾಕಬ್ಸನ್ ಮತ್ತು ಪ್ಯೋತರ್ ಬಗತಿರ್ಯೋವ್ 1929ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಸಮುದಾಯ ಒಪ್ಪಿಕೊಂಡದ್ದು ಮಾತ್ರ ಜಾನಪದವಾಗಿ ಉಳಿಯುತ್ತದೆ, ಒಪ್ಪದಿರುವುದು ಹುಟ್ಟಿದಲ್ಲಿಯೇ ಅಳಿಯುತ್ತದೆ ಎಂದು ವಾದಿಸಿದ್ದರು. ಸಮುದಾಯದ ಈ ಮುಂಜಾಗ್ರತೆಯ ಜರಡಿಯನ್ನು ಹಾಯ್ದು ಬರಬೇಕಾದ ಕಾರಣದಿಂದಲೇ ಜಾನಪದ ಪಠ್ಯ ಸಮುದಾಯದ್ದು ಎನಿಸುತ್ತದೆ. ಆನ್‌ಲೈನ್ ಸರಕು ವಿವರಣೆಗೂ ಒಂದು ಜರಡಿ ಇದೆ. ಒಂದೇ ಸೀರೆಗೆ ಎರಡು ವಿವರಣೆಗಳನ್ನು ಬರೆಯಿಸಿ, ಅರ್ಧ ಗಿರಾಕಿಗಳಿಗೆ ಒಂದನ್ನೂ ಉಳಿದರ್ಧಕ್ಕೆ ಇನ್ನೊಂದನ್ನೂ ತೋರಿಸಿ, ಹೆಚ್ಚು ಮಾರಾಟ ತಂದದ್ದನ್ನು ಉಳಿಸಿಕೊಳ್ಳುವ ಪರೀಕ್ಷಾ ಕ್ರಮ ಈ ವ್ಯಾಪಾರದಲ್ಲಿ ಸಾಮಾನ್ಯವಾಗಿದೆ. ಹೀಗೆ ಉಳಿಯುವುದು ಕೊಳ್ಳುವವರು ಒಪ್ಪಿದ ಮಾತು. ನೇಯ್ದವರಿಗೆ ಈ ಜರಡಿಯಲ್ಲಿ ಕೈಯಿಲ್ಲ. ಸಂತೆಯಲ್ಲಿ ಪಕ್ಕದ ಅಂಗಡಿಯವನು ‘ಏ, ಅದು ರೇಷ್ಮೆ ಅಲ್ಲೋ’ ಎಂದು ನಕ್ಕುಬಿಡುವ ಸಾಧ್ಯತೆ ಇತ್ತು. ಇಲ್ಲಿ ಆ ಪಕ್ಕದ ಅಂಗಡಿಯೇ ಇಲ್ಲ. ಗಿರಾಕಿಗಳ ಅಭಿಪ್ರಾಯಕ್ಕೆ ಜಾಗವಿದೆ ಎನ್ನಬಹುದು. ಆದರೆ ಅದು ಕೊಂಡ ಮೇಲಿನ ಮಾತು.

ರೇಷ್ಮೆಯ ಮಾತು ಸುಮ್ಮನೆ ಬಂದದ್ದಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ನಿದರ್ಶನವಾಗಿ ತೆಗೆದುಕೊಂಡರೆ ಪ್ರಾಂಪ್ಟಿನ ಬಡತನ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಹಾಸುಗಳ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವ ಕ್ರಮಕ್ಕೆ ನೇಕಾರರ ಮಾತಿನಲ್ಲಿ ‘ಕೊಂಡಿ’ ಎಂಬ ಹೆಸರಿದೆ. ಈ ಕಾರಣದಿಂದ ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಗುತ್ತದೆ. ಕೆಂಪು ನೆಲದಲ್ಲಿ ಬಿಳಿಯ ತೆನೆಗಳು ಎದುರುಬದುರಾಗಿ ಚಾಚಿಕೊಂಡ ಸೆರಗು ‘ಟೋಪ ತೆನಿ’. ಅಂಚುಗಳಿಗೆ ಗೋಮಿ, ಚಿಕ್ಕಿ ಎಂಬಂಥ ಹೆಸರುಗಳಿವೆ. ಮದುವೆಯ ಸೀರೆಯ ಕೆಂಪಿಗೆ ‘ಗಿರಿ ಕುಂಕುಮ’ ಎಂಬ ಹೆಸರು. ಕುಣಿಮಗ್ಗದಲ್ಲಿ ಕೂತು ನೇಯುವವರ ಕೆಲಸಕ್ಕೂ ಮೊದಲು ನೂಲು ಸುತ್ತುವ, ಹಾಸು ಹೂಡುವ ಕೆಲಸಗಳಿವೆ. ಅವುಗಳಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. ಇದೇ ಸೀರೆಯ ಮೇಲೆ ಧಾರವಾಡ ಸೀಮೆಯ ಕಸೂತಿ ಬಿದ್ದರೆ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಮತ್ತೊಂದು ಪದಕೋಶವೇ ಸೇರಿಕೊಳ್ಳುತ್ತದೆ.

ಇದರೊಂದಿಗೆ ಇನ್ನೊಂದು ಪದವೂ ಉಂಟು: ‘ಚಮಕಾ’. ಅಪ್ಪಟ ರೇಷ್ಮೆಯ ಬದಲು ಬಳಸುವ ಕೃತಕ ರೇಷ್ಮೆಯ ನೂಲಿಗೆ ಇಳಕಲ್ಲಿನಲ್ಲಿ ಇರುವ ಹೆಸರಿದು. ಚಮಕಾ ಬಳಸುವುದರಲ್ಲಿ ಮೋಸವೇನಿಲ್ಲ. ಅದರಿಂದ ಸೀರೆ ಅಗ್ಗವಾಗುತ್ತದೆ, ದಿನನಿತ್ಯ ಉಡುವವರ ಕೈಗೆ ಎಟುಕುತ್ತದೆ. ನೇಕಾರ ಅದನ್ನು ಹೆಸರು ಹಿಡಿದೇ ಹೇಳುತ್ತಾನೆ. ಮೋಸ ಹುಟ್ಟುವುದು ಹೆಸರು ಅಳಿದಾಗ. ‘ಕೈಮಗ್ಗದ ಇಳಕಲ್ ಸೀರೆ, ಕೆಂಪು ಸೆರಗು, ಆತ್ಮೀಯ ಧ್ವನಿ, ನೂರು ಪದ’ ಎಂಬ ಪ್ರಾಂಪ್ಟನ್ನು ಪಡೆದ ಯಂತ್ರಕ್ಕೆ ಆ ನಿರ್ದಿಷ್ಟ ಸೀರೆಯ ಸೆರಗು ರೇಷ್ಮೆಯದೋ ಚಮಕಾದ್ದೋ ತಿಳಿಯುವ ಮಾರ್ಗವೇ ಇಲ್ಲ. ಅದು ಓದಿರುವ ಬರಹಗಳಲ್ಲಿ ‘ಇಳಕಲ್’ ಎಂಬ ಪದದ ಬಳಿ ‘ರೇಷ್ಮೆಯ ಸೆರಗು’ ಎಂಬುದು ಮತ್ತೆ ಮತ್ತೆ ಬಂದಿರುತ್ತದೆ. ಆದ್ದರಿಂದ ರೇಷ್ಮೆ ಎಂದೇ ಬರೆಯುವ ಸಂಭವ ಹೆಚ್ಚು. ವಿದ್ಯುತ್ ಮಗ್ಗದಲ್ಲಿ ನೇಯ್ದ ಸೀರೆಯ ವಿಷಯದಲ್ಲಿಯೂ ಹೀಗೆಯೇ. ಪ್ರಾಂಪ್ಟಿನಲ್ಲಿ ಮಗ್ಗದ ಪ್ರಸ್ತಾಪವಿಲ್ಲದಿದ್ದರೆ, ಪರಂಪರೆ ಎಂಬ ಪದದ ಬೆನ್ನು ಹಿಡಿದು ಕೈಮಗ್ಗ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಯಾರೂ ಬಾಯಿಬಿಟ್ಟು ಸುಳ್ಳು ಹೇಳದೆಯೇ ಸುಳ್ಳೊಂದು ಮುದ್ರಿತವಾಗುವ ಕ್ರಮ ಇದು.

ಇಂಥ ಸುಳ್ಳನ್ನು ತಡೆಯಲೆಂದೇ ರೂಪಿಸಿದ ಏರ್ಪಾಡುಗಳು ಇಲ್ಲದಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯಿದೆ, 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಿಗಳ ಕಾಯಿದೆ, 2004ರ ಸಿಲ್ಕ್ ಮಾರ್ಕ್, 2006ರ ಹ್ಯಾಂಡ್‌ಲೂಮ್ ಮಾರ್ಕ್ ಇವೆಲ್ಲವೂ ಪದಕ್ಕೂ ವಸ್ತುವಿಗೂ ಇರುವ ಸಂಬಂಧವನ್ನು ಕಾಯಲು ಬಂದವು. 2020ರ ಇ-ವಾಣಿಜ್ಯ ನಿಯಮಗಳು ಜಾಹೀರಾತು ಸರಕಿನ ನಿಜವಾದ ಗುಣಲಕ್ಷಣಗಳಿಗೆ ಅನುಗುಣವಾಗಿರಬೇಕೆಂದು ಮಾರಾಟಗಾರನ ಮೇಲೆ ಹೊಣೆ ಹೊರಿಸಿವೆ. ಹೊಣೆ ಅವನದೇ, ಬರೆದದ್ದು ಯಂತ್ರವಾದರೂ. ಆದರೆ ಸರಕನ್ನು ನೇಯದ, ಹಲವೊಮ್ಮೆ ಕೈಯಲ್ಲಿ ಮುಟ್ಟಿಯೂ ನೋಡದ ಮಾರಾಟಗಾರನಿಗೆ ಯಂತ್ರ ಬರೆದುದನ್ನು ಪರಿಶೀಲಿಸಲು ಬೇಕಾದ ಪದಗಳೇ ಗೊತ್ತಿರುವುದಿಲ್ಲ. ಚಮಕಾ ಎಂಬ ಪದ ತಿಳಿಯದವನು ಆ ಪ್ರಶ್ನೆಯನ್ನು ಕೇಳುವುದಾದರೂ ಹೇಗೆ?

ವಸ್ತುವಿನ ಹೆಸರುಗಳು ಉದುರಿಹೋದ ಜಾಗದಲ್ಲಿ ಬಂದು ಕೂರುವುದು ಕಥೆ. ‘ಸರಕಿನ ಹಿಂದಿನ ಕಥೆ ಹೇಳು’ ಎಂಬ ಆದೇಶ ಮಾದರಿ ಪ್ರಾಂಪ್ಟುಗಳಲ್ಲಿ ತಪ್ಪದೆ ಇರುತ್ತದೆ. ಚನ್ನಪಟ್ಟಣದ ಗೊಂಬೆಯ ಬಗ್ಗೆ ಕೇಳಿದರೆ ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಐತಿಹ್ಯ ಸಾಮಾನ್ಯವಾಗಿ ಮೊದಲ ವಾಕ್ಯದಲ್ಲಿಯೇ ಹಾಜರಾಗುತ್ತದೆ, ಅದೂ ಐತಿಹ್ಯವೆಂಬ ಸುಳಿವಿಲ್ಲದೆ ಇತಿಹಾಸವೆಂಬಂತೆ. ಗೊಂಬೆಯಾಗುವ ಆಲೆ ಮರ, ತಿರುಗುವ ಮರದ ಮೇಲೆ ಒತ್ತಿದ ಅರಗು ಬಿಸಿಯೇರಿ ಬಣ್ಣವಾಗಿ ಹತ್ತಿಕೊಳ್ಳುವ ಬಗೆ, ಹೊಳಪಿಗೆ ಉಜ್ಜುವ ತಾಳೆಯ ಗರಿ ಇವು ಹಿಂದೆ ಸರಿಯುತ್ತವೆ. ಮಗು ಬಾಯಿಗೆ ಹಾಕಿಕೊಳ್ಳಬಹುದಾದ ಆಟಿಕೆಯನ್ನು ಕೊಳ್ಳುವ ತಾಯಿಗೆ ಅರಗಿಗೆ ಬೆರೆಸಿದ ಬಣ್ಣ ಯಾವುದೆಂಬುದು ಟಿಪ್ಪುವಿಗಿಂತ ಮುಖ್ಯವಾದ ಮಾಹಿತಿ.

ರಿಚರ್ಡ್ ಡಾರ್ಸನ್ 1950ರಲ್ಲಿ ‘ಫೇಕ್‌ಲೋರ್’ ಎಂಬ ಪದವನ್ನು ಚಲಾವಣೆಗೆ ತಂದದ್ದು ಇಂಥ ಮಾರುಕಟ್ಟೆಯ ಜಾನಪದವನ್ನು ಕುರಿತೇ. ಅವನ ಕೋಪ ನ್ಯಾಯವಾದುದಾದರೂ ಅದು ಪೂರ್ಣ ಸತ್ಯವಲ್ಲ. ಈ ಯಂತ್ರಗಳು ಪರಂಪರೆಯನ್ನು ಕುರಿತ ತಮ್ಮ ಶೈಲಿಯನ್ನು ಎಲ್ಲಿಂದ ಕಲಿತವು ಎಂದು ಕೇಳಿಕೊಂಡರೆ ಉತ್ತರ ಮುಜುಗರ ತರುತ್ತದೆ. ಮೇಳಗಳ ಕರಪತ್ರ, ಪ್ರವಾಸೋದ್ಯಮದ ಪುಸ್ತಿಕೆ, ಪ್ರದರ್ಶನಗಳ ಕೈಪಿಡಿ, ಸ್ಮರಣ ಸಂಚಿಕೆಗಳ ಮುನ್ನುಡಿ ಇವುಗಳಲ್ಲಿ ‘ಸಾವಿರಾರು ವರ್ಷಗಳ ಪರಂಪರೆ’, ‘ನಶಿಸುತ್ತಿರುವ ಅಮೂಲ್ಯ ಕಲೆ’, ‘ಮುಗ್ಧ ಜನಪದರು’ ಎಂಬ ಸಿದ್ಧ ನುಡಿಗಟ್ಟುಗಳನ್ನು ದಶಕಗಳ ಕಾಲ ಬಿತ್ತಿದವರಲ್ಲಿ ಜಾನಪದ ವಿದ್ವಾಂಸರೂ ಇದ್ದಾರೆ. ಕಲಾವಿದನ ಹೆಸರಿಲ್ಲದೆ, ಊರಿನ ಹೆಸರಿಲ್ಲದೆ, ವಿಶೇಷಣಗಳ ಮೇಲೆ ನಿಂತ ಆ ಗದ್ಯವನ್ನೇ ಯಂತ್ರ ಇಂದು ಹೆಚ್ಚಿನ ವೇಗದಲ್ಲಿ ಮರಳಿ ಕೊಡುತ್ತಿದೆ. ಈ ಸಾಲಿನ ಸಂಪುಟಗಳೂ ಇದಕ್ಕೆ ಹೊರತಲ್ಲ ಎಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕಾಗುತ್ತದೆ.

ಹೀಗೆಂದ ಮಾತ್ರಕ್ಕೆ ಈ ಸಾಧನವನ್ನು ಸಾರಾಸಗಟಾಗಿ ತಿರಸ್ಕರಿಸುವುದು ನಗರದ ಓದುಬಲ್ಲವರ ಐಷಾರಾಮವಾದೀತು. ಆನ್‌ಲೈನ್ ವ್ಯಾಪಾರದ ಭಾಷೆ ಮೊದಲಿನಿಂದಲೂ ಇಂಗ್ಲಿಷ್. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಯಲಾರದ ಕಾರಣಕ್ಕೆ ನೇಕಾರ ತನ್ನ ಸೀರೆಯನ್ನು ಮಧ್ಯವರ್ತಿಯ ಕೈಗಿಡಬೇಕಾಗುತ್ತಿತ್ತು. ತಾನು ಕನ್ನಡದಲ್ಲಿ ಹೇಳಿದ್ದನ್ನು ಯಂತ್ರ ಇಂಗ್ಲಿಷಿಗೆ ತಂದುಕೊಡುವುದಾದರೆ ಅದು ಅವನ ಪಾಲಿಗೆ ಸಣ್ಣ ಅನುಕೂಲವಲ್ಲ. ಸಿರಿಯನ್ನು ಬರಹಕ್ಕಿಳಿಸಿದ ವಿದ್ವಾಂಸರೂ ಒಂದರ್ಥದಲ್ಲಿ ಇದೇ ಕೆಲಸವನ್ನು ಮಾಡಿದವರು. ವಿರುದ್ಧ ದಿಕ್ಕಿನ ಪಯಣ ಮಾತ್ರ ಅಷ್ಟು ಸುಖಕರವಾಗಿಲ್ಲ. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ವ್ಯವಹರಿಸುವ ಸೌಲಭ್ಯ ಕಲ್ಪಿಸಿದವು. ಅದು ಸ್ವಾಗತಾರ್ಹ. ಆದರೆ ಯಂತ್ರದ ಮೂಲಕ ಬರುವ ಕನ್ನಡ ವಿವರಣೆಗಳಲ್ಲಿ ‘ನಿಮ್ಮ ಉಡುಪು ಸಂಗ್ರಹಕ್ಕೆ ಕಾಲಾತೀತ ಸೇರ್ಪಡೆ’ ಎಂಬಂಥ ವಾಕ್ಯಗಳು ಕಾಣಸಿಗುತ್ತವೆ. ಇಳಕಲ್ಲಿನಿಂದ ಹೊರಟ ಸೀರೆ ಇಂಗ್ಲಿಷಿನ ಮೂಲಕ ಹಾಯ್ದು ಕನ್ನಡಕ್ಕೆ ಮರಳುವಾಗ ಸೆರಗು ‘ಪಲ್ಲು’ ಆಗಿರುತ್ತದೆ, ದಡಿ ‘ಬಾರ್ಡರ್’ ಆಗಿರುತ್ತದೆ, ತೆನಿ ಎಲ್ಲಿಯೋ ಬಿದ್ದುಹೋಗಿರುತ್ತದೆ.

ಆದ್ದರಿಂದ ಪ್ರಶ್ನೆ ಯಂತ್ರ ಬೇಕೋ ಬೇಡವೋ ಎಂಬುದಕ್ಕಿಂತ, ಪ್ರಾಂಪ್ಟನ್ನು ತುಂಬುವವರು ಯಾರು ಎಂಬುದಾಗಿದೆ. ‘ಒಡಲು ಹತ್ತಿ, ಸೆರಗು ಚಮಕಾ, ಟೋಪ ತೆನಿ, ಗೋಮಿ ದಡಿ, ಕೊಂಡಿ ಹಾಕಿದ್ದು, ಕುಣಿಮಗ್ಗದಲ್ಲಿ ನೇಯ್ದದ್ದು, ನೇಯಲು ಹಿಡಿದ ದಿನ ಇಷ್ಟು, ಇಲ್ಲಿ ಹೇಳದ ಯಾವುದನ್ನೂ ಸೇರಿಸಬಾರದು, ಈ ಪದಗಳನ್ನು ಬದಲಿಸದೆ ಪಕ್ಕದಲ್ಲಿ ಅರ್ಥ ಕೊಡಬೇಕು’ ಎಂದು ಕೊಟ್ಟ ಪ್ರಾಂಪ್ಟಿನಿಂದ ಹುಟ್ಟುವ ವಿವರಣೆ ಬೇರೆಯೇ ಜಾತಿಯದು. ಯಂತ್ರ ಆಗಲೂ ತಪ್ಪಬಹುದು. ಆದರೆ ತಪ್ಪನ್ನು ಹಿಡಿಯಲು ಬೇಕಾದ ಅಳತೆಗೋಲು ಆ ಪ್ರಾಂಪ್ಟಿನಲ್ಲಿಯೇ ಇರುತ್ತದೆ. ಇಂಥ ಪ್ರಾಂಪ್ಟನ್ನು ಬರೆಯಲು ಬೇಕಾದದ್ದು ಜಾಹೀರಾತಿನ ಜಾಣ್ಮೆಯಲ್ಲ, ಕ್ಷೇತ್ರಕಾರ್ಯದ ಟಿಪ್ಪಣಿ. ವೃತ್ತಿಪದಕೋಶಗಳನ್ನು ಸಂಗ್ರಹಿಸುವ ಕಾರ್ಯ ಕನ್ನಡದಲ್ಲಿ ನಡೆದಿದೆ. ಅವು ಗ್ರಂಥಾಲಯದ ಕಪಾಟಿನಲ್ಲಿ ಇರುವವರೆಗೆ ಮಾರಾಟಗಾರನಿಗೂ ಯಂತ್ರಕ್ಕೂ ಅವು ಇಲ್ಲದಂತೆಯೇ. ಅವು ಹೊರಗೆ ಬಂದಾಗ ನೇಕಾರನ ಪದಗಳ ಮೇಲೆ ಹಕ್ಕು ಯಾರದು ಎಂಬ ಪ್ರಶ್ನೆ ಏಳದಿರುವುದಿಲ್ಲ. ಭೌಗೋಳಿಕ ಸೂಚಿ ಕಾಯುವುದು ಸರಕಿನ ಹೆಸರನ್ನು; ಕೊಂಡಿ, ತೆನಿಗಳನ್ನಲ್ಲ.

ಇಷ್ಟಾದರೂ ಮಾದರಿ ಪ್ರಾಂಪ್ಟುಗಳಲ್ಲಿ ಕಾಣುವ ಒಂದು ಆದೇಶ ಉಳಿಯುತ್ತದೆ: ‘ನಕಾರಾತ್ಮಕ ಪದಗಳನ್ನು ಬಳಸಬೇಡ’. ಸೀರೆಯ ಗಂಟನ್ನು ಹೊತ್ತು ಮನೆ ಬಾಗಿಲಿಗೆ ಬರುವ ವ್ಯಾಪಾರಿ ಸೀರೆಯನ್ನು ಹೊಗಳಿ, ಬೆಲೆ ಹೇಳಿ, ಚೌಕಾಸಿ ಮುಗಿದು ದುಡ್ಡು ಎಣಿಸಿಕೊಂಡ ಮೇಲೆ, ಎದ್ದು ಹೋಗುವ ಮೊದಲು, ‘ಬಣ್ಣ ಬಿಟ್ಟೀತು ಅವ್ವಾರ, ಮೊದಲ ಸಲ ಬ್ಯಾರೇ ಒಗೀರಿ’ ಎಂದು ಹೇಳುವುದುಂಟು. ಮಾರಾಟಕ್ಕೆ ಆ ಮಾತಿನಿಂದ ಏನೂ ಪ್ರಯೋಜನವಿಲ್ಲ. ಮುಂದಿನ ಹಬ್ಬಕ್ಕೆ ಅವನು ಮತ್ತೆ ಅದೇ ಬಾಗಿಲಿಗೆ ಬರಬೇಕಾಗಿದೆ. ಪ್ರಾಂಪ್ಟಿನ ಆದೇಶ ಮೊದಲು ಅಳಿಸಿಹಾಕುವುದು ಆ ವಾಕ್ಯವನ್ನು.